ಬೇಲಿ ಎದ್ದು ಹೊಲ ಮೇಯ್ದಾಗ

ಹೊಸದುರ್ಗ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷಗಳ ಕಾಲ ವಿಜ್ಞಾನವನ್ನು ಬೋಧಿಸಿ, 2008ರಲ್ಲಿ ನಿವೃತ್ತರಾಗಿ, ಹಿರಿಯೂರಿನಲ್ಲಿ ನೆಲೆಸಿರುವ ಮೇಷ್ಟ್ರೊಬ್ಬರಿದ್ದಾರೆ. ಹೆಸರು ಹೇಳಿದರೆ ಈ ಭಾಗದ ಅನೇಕರಿಗೆ ಗುರುತು ಸಿಕ್ಕೀತು. ಆದರೆ ಹೆಸರು ಬೇಡವೆಂಬುದು ಅವರದೇ ಅಪೇಕ್ಷೆ. ಮಕ್ಕಳು ಅವರಿಗೆ ಇಟ್ಟಿದ್ದ ಅಡ್ಡಹೆಸರನ್ನು ಹೇಳಿದರೆ ತಪ್ಪಾಗಲಾರದು. ಅದು ‘ಹೇಗೆ ಗೊತ್ತು ಮೇಷ್ಟ್ರು’ ಎಂದು. ಹುಡುಗನೊಬ್ಬ ಎದ್ದು ನಿಂತು ಸರಿಯಾದ ಉತ್ತರವನ್ನೇ ಹೇಳಿದರೂ ಅವರು ಅವನನ್ನು ಕೂರಲು ಬಿಡುತ್ತಿರಲಿಲ್ಲ. “ಸರಿ, ಅದು ನಿನಗೆ ಹೇಗೆ ಗೊತ್ತು?” ಎಂದು ಕೇಳುತ್ತಿದ್ದರು. ಪುಸ್ತಕದಲ್ಲಿದೆ ಎಂದರೆ, “ಪುಸ್ತಕ ಬರೆದವರಿಗೆ ಹೇಗೆ ಗೊತ್ತು?” ಎಂದು ಮತ್ತೊಂದು ಪ್ರಶ್ನೆ ಬರುತ್ತಿತ್ತು. ಗೊಬ್ಬರ ಹಾಕಿದ ಒಂದು ಗಿಡ ಚಿಗುರಿತೆಂದು ಗೊಬ್ಬರವನ್ನು ಹೊಗಳಬಾರದು; ಹತ್ತು ಗಿಡಕ್ಕೆ ಹಾಕಿ, ಹತ್ತು ಗಿಡಕ್ಕೆ ಹಾಕದೆ ನೋಡಬೇಕು ಎಂಬುದು ಅವರು ಕಲಿಸಿದ ವಿಜ್ಞಾನದ ಸಾರ. ಶಾಲೆಯ ಹಿತ್ತಲಿನ ಬದನೆ ಪಾತಿಯಲ್ಲಿ ಅದನ್ನು ಮಾಡಿಸಿಯೂ ತೋರಿಸಿದ್ದರು.

ಇಂತಹ ಮೇಷ್ಟ್ರು ತಮ್ಮ ವೃತ್ತಿಜೀವನದಲ್ಲಿ ಒಮ್ಮೆ, ತಮ್ಮ ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳದೆ ತೀರ್ಪು ಕೊಟ್ಟರು. ಅದು 1985ರ ಆಗಸ್ಟ್ ತಿಂಗಳು. ಸ್ವಾತಂತ್ರ್ಯ ದಿನಾಚರಣೆಯ ಕವಾಯತಿನ ಅಭ್ಯಾಸ ನಡೆಯುತ್ತಿತ್ತು. ವ್ಯಾಯಾಮ ಶಿಕ್ಷಕರು ರಜೆಯಲ್ಲಿದ್ದುದರಿಂದ ಆ ಹೊಣೆ ವಿಜ್ಞಾನದ ಮೇಷ್ಟ್ರ ಮೇಲೆ ಬಿದ್ದಿತ್ತು. ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟದ ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸಾಲಿನಿಂದ ಹೊರಬಂದು ಮರದಡಿ ಕುಳಿತ. ಮೊಣಕಾಲು ನೋವೆಂದ. ಮರುದಿನ ಮೊಣಕಾಲು ವಾಸಿ, ಹಿಮ್ಮಡಿಯ ಮೇಲಿನ ಕೀಲು ನೋವೆಂದ. ಅದರ ಮರುದಿನ ಮುಂಗೈ. ದಿನಕ್ಕೊಂದು ಕಡೆ ಓಡಾಡುವ ನೋವನ್ನು ಮೇಷ್ಟ್ರು ನಂಬಲಿಲ್ಲ. ಕವಾಯತಿಗೆ ತಪ್ಪಿಸಿಕೊಳ್ಳುವ ನೆಪವೆಂದು ಬಗೆದು, ಮೈದಾನವನ್ನು ನಾಲ್ಕು ಸುತ್ತು ಓಡುವಂತೆ ಶಿಕ್ಷೆ ವಿಧಿಸಿದರು. ಹುಡುಗ ಎದುರು ಮಾತಾಡದೆ ಓಡಿದ. ಮೂರು ವಾರಗಳ ಹಿಂದೆ ಅವನಿಗೆ ಗಂಟಲು ಬೇನೆ ಬಂದು, ಉಪ್ಪುನೀರು ಮುಕ್ಕಳಿಸಿ, ತಾನಾಗಿ ಹೋಗಿದ್ದ ಸಂಗತಿಯನ್ನು ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಓಡಾಡುವ ಕೀಲುನೋವು ನೆಪವಲ್ಲ, ಒಂದು ರೋಗದ ಚಿಹ್ನೆ. ಗಂಟಲಿಗೆ ತಗಲುವ ಸ್ಟ್ರೆಪ್ಟೋಕಾಕಸ್ ಎಂಬ ಸೂಕ್ಷ್ಮಾಣುವನ್ನು ಎದುರಿಸಲು ದೇಹವು ತನ್ನ ರಕ್ಷಣಾದಳವನ್ನು ಹೊರಡಿಸುತ್ತದೆ. ಆ ಸೂಕ್ಷ್ಮಾಣುವಿನ ಮೈಯ ಕೆಲವು ಅಂಶಗಳು ನಮ್ಮ ಹೃದಯದ ಅಂಗಾಂಶವನ್ನೇ ಹೋಲುತ್ತವೆ. ಕೆಲವು ಮಕ್ಕಳಲ್ಲಿ ರಕ್ಷಕರಿಗೆ ಶತ್ರು ಯಾರು, ಮನೆಯವರು ಯಾರು ಎಂಬ ವಿವೇಕ ತಪ್ಪುತ್ತದೆ. ಕೀಲುಗಳ ಊತ ಇಳಿದುಹೋದರೂ ಹೃದಯದ ಕವಾಟಗಳಿಗೆ ತಗುಲಿದ ಗಾಯ ಮಾತ್ರ ಕಲೆಗಟ್ಟಿ, ವರ್ಷಗಳು ಕಳೆದಂತೆ ಬಿಗಿಯುತ್ತದೆ ಅಥವಾ ಸೋರತೊಡಗುತ್ತದೆ. ಇದೇ ಸಂಧಿವಾತ ಜ್ವರದಿಂದ ಬರುವ ಹೃದ್ರೋಗ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ದೊರೆಯಲಾರದು.

ಹುಡುಗನನ್ನು ಕಡೆಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನ ವೈದ್ಯರು ಎದೆಗೆ ಕಿವಿಗೊಟ್ಟು ಕೇಳಿ ರೋಗವನ್ನು ಗುರುತಿಸಿದರು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ, ಅದೂ ಹಲವು ವರ್ಷ, ತಪ್ಪಿಸಬಾರದು ಎಂದು ಬರೆದುಕೊಟ್ಟರು. ಒಂದು ವರ್ಷ ನಡೆಯಿತು. ಆಮೇಲೆ ನೋವಿಲ್ಲದ ಹುಡುಗನಿಗೆ ಸೂಜಿಯೇಕೆಂದು ಮನೆಯಲ್ಲಿ ಸುಮ್ಮನಾದರು. ಅಡಿಕೆ ಕೊಯ್ಲಿನ ದಿನ ಬಸ್ಸು ಹಿಡಿದು ದುರ್ಗಕ್ಕೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅವರನ್ನು ದೂರುವುದು ಸುಲಭ. ಕಣ್ಣಿಗೆ ಕಾಣದ ಅಪಾಯಕ್ಕಾಗಿ ಕಣ್ಣಿಗೆ ಕಾಣುವ ಖರ್ಚು ಮಾಡುವುದು ಯಾವ ಬಡವನಿಗೂ ಸುಲಭವಲ್ಲ.

ಮೇಷ್ಟ್ರಿಗೆ ಇದೆಲ್ಲ ತಿಳಿದದ್ದು ಹತ್ತೊಂಬತ್ತು ವರ್ಷಗಳ ಬಳಿಕ. 2004ರಲ್ಲಿ, ಮೂವತ್ತೆರಡರ ಹರೆಯದ ಆ ಶಿಷ್ಯನಿಗೆ ಬೆಂಗಳೂರಿನಲ್ಲಿ ಕವಾಟ ಬದಲಾಯಿಸುವ ಶಸ್ತ್ರಚಿಕಿತ್ಸೆಯಾಯಿತು. ಒಂದು ಕಾಲದಲ್ಲಿ ಹೃದಯ ತೆರೆದು ಮಾಡುವ ಶಸ್ತ್ರಕ್ರಿಯೆಯೆಂದರೆ ನಮ್ಮ ಜಿಲ್ಲೆಯವರಿಗೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು. ಈ ದೇಶದಲ್ಲಿ ಅಂತಹ ಚಿಕಿತ್ಸೆ ಮೊದಲಾದದ್ದು 1960ರ ದಶಕದ ಆರಂಭದಲ್ಲಿ, ಅಲ್ಲಿಯೇ. ಬೆಂಗಳೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಆ ಬಳಿಕ ನಾರಾಯಣ ಹೃದಯಾಲಯ ಬೆಳೆದ ಮೇಲೆ ದಾರಿ ಹತ್ತಿರವಾಯಿತು. 2003ರಲ್ಲಿ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಆಸರೆ ಸಿಗುತ್ತಿತ್ತು. ಈ ಶಿಷ್ಯ ಅದರ ಫಲಾನುಭವಿ. ಅವನೆದೆಯಲ್ಲಿ ಕೂತದ್ದು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು ರೂಪಿಸಿ, 1990ರಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದ ಚಿತ್ರಾ ಕವಾಟ. ಓಲಾಡುವ ಒಂದು ಬಿಲ್ಲೆ, ಅದಕ್ಕೊಂದು ಚೌಕಟ್ಟು. ದುರ್ಗದವನ ಎದೆಗೂ ‘ಚಿತ್ರ’ವೇ ಬೇಕಾಯಿತೆಂದು ಅವನು ನಗುತ್ತಿದ್ದ.

ಹೊಸ ಮನೆಯ ಪ್ರವೇಶಕ್ಕೆ ಆಹ್ವಾನಿತರಾಗಿ ಹೋದ ಮೇಷ್ಟ್ರಿಗೆ ಅವನು ಅಂಗಿಯ ಗುಂಡಿ ಬಿಚ್ಚಿ ಗಾಯದ ಗೆರೆ ತೋರಿಸಿದ. “ಕಿವಿಯಿಡಿ ಮೇಷ್ಟ್ರೇ, ಗಡಿಯಾರ ಕೇಳಿಸುತ್ತೆ” ಎಂದ. ಕೇಳಿಸಿತು. ಟಿಕ್, ಟಿಕ್. ಅದು ಬಂದ ಬಗೆಯನ್ನು ಅವನು ವಿವರಿಸುತ್ತ, ಒಂಬತ್ತನೆಯ ತರಗತಿಯ ಆ ಆಗಸ್ಟಿನ ಮಾತು ಬಂದಾಗ, ಮೈದಾನದ ನಾಲ್ಕು ಸುತ್ತನ್ನು ಮಾತ್ರ ಬಿಟ್ಟು ಮುಂದೆ ಸಾಗಿದ. ಮರೆತಿದ್ದನೋ, ಮರೆತಂತೆ ನಟಿಸಿದನೋ. ಮೇಷ್ಟ್ರು ಊಟಕ್ಕೆ ನಿಲ್ಲದೆ ಹೊರಟರು. ದಿನದ ಖರ್ಚು ಬರೆಯುವ ಪುಸ್ತಕವೊಂದನ್ನು ಅವರು ಬಹುಕಾಲದಿಂದ ಇಟ್ಟಿದ್ದರು, ಅಂದು ರಾತ್ರಿ ಅದರಲ್ಲಿ ಮೊತ್ತವಿಲ್ಲದ ಒಂದು ಸಾಲು ಬರೆದರು: “1985 ಆಗಸ್ಟ್. ನಾಲ್ಕು ಸುತ್ತು. ಬಾಕಿ.”

2019ರ ಮಳೆಗಾಲದಲ್ಲಿ ಶಿಷ್ಯನಿಗೆ ಹಲ್ಲುನೋವು ಬಂತು. ಹತ್ತಿರದ ಪೇಟೆಯಲ್ಲಿ ಹಲ್ಲು ಕೀಳಿಸಿಕೊಂಡ. ಕೃತಕ ಕವಾಟವಿರುವವರು ಹಲ್ಲು ಕೀಳಿಸುವ ಮೊದಲು ಸೋಂಕುನಿವಾರಕ ಔಷಧವನ್ನು ನುಂಗಬೇಕು. ಕಿತ್ತವರು ಕೇಳಲಿಲ್ಲ, ಇವನು ಹೇಳಲಿಲ್ಲ. ಮತ್ತೆ ಅದೇ ಕಥೆ! ಮೂರು ವಾರ ಬಿಟ್ಟು ಬಿಟ್ಟು ಜ್ವರ, ಮೈಬೆವರು, ಊಟ ಸೇರದು. ಮಲೇರಿಯ ಇರಬಹುದೆಂದು ಒಂದು ಚಿಕಿತ್ಸೆ, ಟೈಫಾಯಿಡ್ ಇರಬಹುದೆಂದು ಇನ್ನೊಂದು. ಕಡೆಗೆ ಉಸಿರು ಕಟ್ಟತೊಡಗಿದಾಗ ಚಿತ್ರದುರ್ಗದಲ್ಲಿ ಹೃದಯದ ಪ್ರತಿಧ್ವನಿ ಪರೀಕ್ಷೆ ಮಾಡಿ, ಕವಾಟದ ಅಂಚಿನಲ್ಲಿ ಸೋಂಕಿನ ಗಂಟು ಬೆಳೆದಿದೆ, ತಡಮಾಡದೆ ಬೆಂಗಳೂರಿಗೆ ಒಯ್ಯಿರಿ ಎಂದರು. ಅವನ ಹೆಂಡತಿ ಹಿರಿಯೂರಿನ ಮೇಷ್ಟ್ರಿಗೆ ಫೋನು ಮಾಡಿದಳು. “ಇವರಣ್ಣ ಊರಲ್ಲಿಲ್ಲ ಮೇಷ್ಟ್ರೇ. ಡಾಕ್ಟ್ರು ಇಂಗ್ಲೀಷಲ್ಲಿ ಹೇಳಿದ್ದು ನಂಗೆ ಅರ್ಥ ಆಗಲ್ಲ. ನೀವು ಜೊತೇಲಿದ್ರೆ ಧೈರ್ಯ.” ರಾತ್ರಿ ಹನ್ನೊಂದಕ್ಕೆ ಹೆದ್ದಾರಿಯ ಮಗ್ಗುಲಲ್ಲಿ ಚೀಲವೊಂದನ್ನು ಹಿಡಿದು ನಿಂತಿದ್ದ ಅರುವತ್ತೊಂಬತ್ತು ವರ್ಷದ ಮೇಷ್ಟ್ರು ಆಂಬುಲೆನ್ಸ್ ಹತ್ತಿದರು. ಮುಂದಿನ ನೂರರುವತ್ತು ಕಿಲೋಮೀಟರ್ ಶಿಷ್ಯನ ಕೈಯನ್ನು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಹತ್ತು ದಿನ ರಕ್ತನಾಳದ ಮೂಲಕ ಔಷಧ ಹರಿಸಿದರೂ ಸೋಂಕು ಮಣಿಯಲಿಲ್ಲ. ಕವಾಟದ ಬುಡದಲ್ಲಿ ಕೀವುಗಟ್ಟಿತು. ಹಳೆಯದನ್ನು ಕಿತ್ತು, ಕೊಳೆತ ಭಾಗವನ್ನು ಕೆತ್ತಿ ತೆಗೆದು, ಹೊಸ ಕವಾಟ ಹೊಲಿಯಬೇಕು. ಶಸ್ತ್ರವೈದ್ಯರು ಇನ್ನೂ ಐವತ್ತು ದಾಟದವರು, ತಾಳ್ಮೆಯುಳ್ಳವರು. ಬಂದವರು ವಿಜ್ಞಾನದ ಮೇಷ್ಟ್ರೆಂದು ತಿಳಿದ ಮೇಲೆ ಕಾಗದವೊಂದನ್ನು ಎಳೆದುಕೊಂಡು ಚಿತ್ರ ಬರೆಯುತ್ತ ವಿವರಿಸಿದರು. ಆ ಒಂದು ತಾಸಿನ ಮಾತನ್ನು ಮೇಷ್ಟ್ರು ಇಂದಿಗೂ ಅಕ್ಷರಶಃ ಹೇಳಬಲ್ಲರು.

ಹೃದಯವನ್ನು ಹೊಲಿಯಬೇಕಾದರೆ ಅದು ನಿಲ್ಲಬೇಕು; ಅದು ನಿಂತಾಗ ದೇಹಕ್ಕೆ ರಕ್ತವನ್ನು ಹರಿಸುವವರು ಬೇರೊಬ್ಬರಿರಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯರು 1953ರ ಮೇ 6ರಂದು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹದಿನೆಂಟು ವರ್ಷದ ತರುಣಿಯ ಹೃದಯದ ರಂಧ್ರವನ್ನು ಮುಚ್ಚಿದರು. ಮರುವರ್ಷ ಮಿನೆಸೋಟಾದ ವಾಲ್ಟನ್ ಲಿಲ್ಲೆಹೈ ಯಂತ್ರವಿಲ್ಲದೆ, ಮಗುವಿನ ರಕ್ತನಾಳಗಳನ್ನು ತಂದೆಯ ರಕ್ತನಾಳಗಳಿಗೆ ಜೋಡಿಸಿ, ತಂದೆಯ ಹೃದಯವೇ ಇಬ್ಬರಿಗೂ ದುಡಿಯುವಂತೆ ಮಾಡಿದರು. ಇದನ್ನು ಕೇಳಿದಾಗ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರಂತೆ. ಕಡೆಗೆ ಗೆದ್ದದ್ದು ಯಂತ್ರವೇ. ಇಂದು ಅದು ವಯಸ್ಕನೊಬ್ಬನ ದೇಹಕ್ಕೆ ನಿಮಿಷಕ್ಕೆ ನಾಲ್ಕೈದು ಲೀಟರು ರಕ್ತವನ್ನು ಹರಿಸುತ್ತದೆ. ಅದಕ್ಕೆ ಪ್ರಾಣವಾಯುವನ್ನು ಬೆರೆಸುತ್ತದೆ, ತಂಪು ಮಾಡುತ್ತದೆ, ಮತ್ತೆ ಬಿಸಿ ಮಾಡುತ್ತದೆ.

“ತೊಂದರೆ ಏನೆಂದರೆ, ಮೇಷ್ಟ್ರೇ, ರಕ್ತಕ್ಕೆ ಹುಟ್ಟಿದಾಗಿನಿಂದ ಗೊತ್ತಿರುವುದು ರಕ್ತನಾಳದ ಒಳಮೈಯೊಂದೇ. ಯಂತ್ರದಲ್ಲಿ ಅದು ಗಂಟೆಗಟ್ಟಲೆ ಪ್ಲಾಸ್ಟಿಕ್ಕಿನ ಕೊಳವೆಯನ್ನು ಮುಟ್ಟುತ್ತ ಹರಿಯುತ್ತದೆ. ದೇಹ ಅದನ್ನು ದಾಳಿಯೆಂದು ತಿಳಿಯುತ್ತದೆ.”

ಹಾಗೆ ತಿಳಿದ ದೇಹವು ಡಂಗುರ ಹೊಡೆಸುತ್ತದೆ. ಸೈಟೊಕೈನ್ ಎಂಬ ಅಣುಗಳೇ ಆ ಡಂಗುರದವರು. ಅವರ ಕರೆಗೆ ಬಿಳಿಯ ರಕ್ತಕಣಗಳು ಎಚ್ಚೆತ್ತು, ಇಲ್ಲದ ಶತ್ರುವನ್ನು ಅರಸುತ್ತ ಊರೆಲ್ಲ ತಿರುಗುತ್ತವೆ. ರಕ್ತನಾಳಗಳು ಸಡಿಲಗೊಂಡು ಒತ್ತಡ ಕುಸಿಯುತ್ತದೆ, ಶ್ವಾಸಕೋಶದಲ್ಲಿ ನೀರು ಒಸರುತ್ತದೆ, ಮೂತ್ರಪಿಂಡ ಬಳಲುತ್ತದೆ. ಇಡೀ ದೇಹಕ್ಕೆ ವ್ಯಾಪಿಸುವ ಉರಿಯೂತವಿದು. ಯಂತ್ರ ಬಳಸಿದ ಎಲ್ಲರಲ್ಲೂ ಇದು ಅಷ್ಟಿಷ್ಟು ಇದ್ದೇ ಇರುತ್ತದೆ. ಬಹುಪಾಲು ಜನರಲ್ಲಿ ಒಂದೆರಡು ದಿನದಲ್ಲಿ ಅಡಗುತ್ತದೆ. ಅಲಬಾಮಾದ ಕಿರ್ಕ್‌ಲಿನ್ ಮತ್ತು ಸಂಗಡಿಗರು 1983ರಲ್ಲಿ, ರಕ್ತದಲ್ಲಿನ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳು ಯಂತ್ರದಲ್ಲಿ ಹೇಗೆ ಕೆರಳುತ್ತವೆ, ಆ ಕೆರಳಿಕೆಗೂ ಆಮೇಲಿನ ಅಂಗಾಂಗಗಳ ಬಳಲಿಕೆಗೂ ಏನು ಸಂಬಂಧ ಎಂಬುದನ್ನು ತೋರಿಸಿಕೊಟ್ಟರು. ಎರಡನೆಯ ಬಾರಿ ಎದೆ ತೆರೆಯುವಾಗ, ಹಿಂದಿನ ಗಾಯದಲ್ಲಿ ಎಲ್ಲವೂ ಅಂಟಿಕೊಂಡಿರುವಾಗ, ಯಂತ್ರದ ಮೇಲಿನ ಹೊತ್ತು ಬೆಳೆಯುತ್ತದೆ. ರಕ್ತದಲ್ಲಿ ಮೊದಲೇ ಸೋಂಕಿದ್ದರೆ ಡಂಗುರ ಮೊದಲೇ ಮೊಳಗುತ್ತಿರುತ್ತದೆ. ಶಿಷ್ಯನಿಗೆ ಇವೆರಡೂ ಇದ್ದವು.

ಬಾಲಕನಾಗಿದ್ದಾಗ ಅವನ ಕವಾಟವನ್ನು ಕೆಡಿಸಿದ್ದು ಯಾವ ಕಾವಲೋ, ಈಗ ಶಸ್ತ್ರಚಿಕಿತ್ಸೆಯ ಬಳಿಕ ಅವನನ್ನು ಕೆಡವಬಹುದಾದದ್ದೂ ಅದೇ ಕಾವಲು ಎಂಬುದು ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. “ಈ ಡಂಗುರದವರನ್ನು ಹಿಡಿದು ಹೊರಹಾಕಲಾಗದೆ?” ಎಂದು ಕೇಳಿದರು.

ವೈದ್ಯರು ಮುಗುಳ್ನಕ್ಕರು. ಹಿಡಿಯುವ ಯತ್ನ ಬಹಳ ನಡೆದಿದೆ. ಉರಿಯೂತವನ್ನು ತಗ್ಗಿಸುವ ಸ್ಟೆರಾಯ್ಡ್ ಔಷಧವನ್ನು 18 ದೇಶಗಳ 7,507 ರೋಗಿಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ ನಿರಾಶೆ ತಂದಿತು, ಸಾವು ಕಡಮೆಯಾಗಲಿಲ್ಲ. ಇನ್ನೊಂದು ದಾರಿ ರಕ್ತವನ್ನೇ ಶೋಧಿಸುವುದು. ಡಯಾಲಿಸಿಸ್ ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿರುವುದರಿಂದ ಈ ಮಾತು ಜನಕ್ಕೆ ಹೊಸದಲ್ಲ. ಟೊಳ್ಳಾದ ಸಣ್ಣ ಎಳೆಗಳ ಕಂತೆಯೊಳಗೆ ರಕ್ತವನ್ನು ಹರಿಸಿದರೆ, ಎಳೆಯ ಗೋಡೆಯ ಅತಿ ಸೂಕ್ಷ್ಮ ರಂಧ್ರಗಳಿಂದ ನೀರೂ ಚಿಕ್ಕ ಅಣುಗಳೂ ಆಚೆ ಹೋಗುತ್ತವೆ. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ಇದರ ಬೆಲೆ ಹೆಚ್ಚು ತಿಳಿದದ್ದು ಎಳೆಗೂಸುಗಳಲ್ಲಿ. ಐದು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತವೆಲ್ಲ ಕೂಡಿದರೆ ಸುಮಾರು 400 ಮಿಲಿಲೀಟರು, ಎರಡು ಲೋಟ. ಯಂತ್ರದ ಕೊಳವೆಗಳನ್ನು ತುಂಬಿಸಲು ಬೇಕಾದ ದ್ರವವೇ ಅಷ್ಟಾದರೆ ಮಗುವಿನ ರಕ್ತ ನೀರುಮಜ್ಜಿಗೆಯಂತಾಗದೆ ಉಳಿದೀತೆ? ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯವರು 1991ರಲ್ಲಿ, ಯಂತ್ರ ನಿಲ್ಲಿಸಿದ ಕೂಡಲೇ ಕೆಲವು ನಿಮಿಷ ರಕ್ತವನ್ನು ಇಂತಹ ಶೋಧಕದ ಮೂಲಕ ಹರಿಸಿ ಹೆಚ್ಚಿನ ನೀರನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. ಹೊರಗಿನ ಪಡಸಾಲೆಯಲ್ಲಿ ನೀಲಿಗಟ್ಟಿದ ತುಟಿಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ತಾಯಿಯೊಬ್ಬಳನ್ನು ಮೇಷ್ಟ್ರು ಬೆಳಗ್ಗೆ ಕಂಡಿದ್ದರು. ಈ ಮಾತು ಕೇಳುವಾಗ ಅವಳೇ ಕಣ್ಣ ಮುಂದೆ ಬಂದಳೆಂದು ಹೇಳುತ್ತಾರೆ.

ವೈದ್ಯರು ಈಗ ಸೂಚಿಸಿದ್ದು ಮೂರನೆಯ ಬಗೆಯದು. ಸೈಟೋಸಾರ್ಬ್ ಎಂದು ಅದರ ಹೆಸರು. ಐರೋಪ್ಯ ದೇಶಗಳಲ್ಲಿ 2011ರಲ್ಲಿ ಅನುಮತಿ ಪಡೆದ ಇದನ್ನು 2013ರಿಂದ ಭಾರತಕ್ಕೆ ತಂದವರು ಬೆಂಗಳೂರಿನವರೇ ಆದ ಬಯೋಕಾನ್ ಸಂಸ್ಥೆಯವರು. ಅಂಗೈಯಲ್ಲಿ ಹಿಡಿಯಬಹುದಾದ ಡಬ್ಬಿ. ಒಳಗೆ ರಾಸಾಯನಿಕ ವಿಧಾನದಿಂದ ಮಾಡಿದ ಸಣ್ಣ ಮಣಿಗಳು. ಇದು ಜರಡಿಯಲ್ಲ. ಇದ್ದಿಲು ವಾಸನೆಯನ್ನು ಹೀರಿ ಹಿಡಿದಿಡುವಂತೆ, ಮಣಿಗಳ ರಂಧ್ರಗಳೊಳಗೆ ಹೊಕ್ಕ ಅಣುಗಳು ಗೋಡೆಗೆ ಅಂಟಿ ಉಳಿಯುತ್ತವೆ. ರಕ್ತಕಣಗಳು ದೊಡ್ಡವಾದುದರಿಂದ ಪಕ್ಕದಿಂದ ಸರಿದುಹೋಗುತ್ತವೆ. ಡಬ್ಬಿಯ ಅಳತೆ 300 ಮಿಲಿಲೀಟರು. ಮಣಿಗಳೊಳಗಿನ ರಂಧ್ರಗಳ ಮೈಯನ್ನೆಲ್ಲ ಬಿಚ್ಚಿ ಹಾಸಿದರೆ 40,000 ಚದರ ಮೀಟರಿಗೂ ಮಿಗಿಲು. ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು: ಹತ್ತು ಎಕರೆ! ಶಿಷ್ಯನ ಅಡಿಕೆ ತೋಟ ಮೂರೂವರೆ ಎಕರೆ.

“ಇದು ಕೆಟ್ಟದ್ದನ್ನು ಮಾತ್ರ ಹಿಡಿಯುತ್ತದೆಯೆ?”

“ಇಲ್ಲ. ಗಾತ್ರ ಮತ್ತು ಗುಣಕ್ಕೆ ಹೊಂದಿದ್ದನ್ನೆಲ್ಲ ಹಿಡಿಯುತ್ತದೆ. ನಾವು ಕೊಟ್ಟ ಕೆಲವು ಔಷಧಗಳನ್ನೂ ಹಿಡಿದೀತು. ಅದನ್ನು ನೋಡಿಕೊಂಡು ಕೊಡಬೇಕು.”

ಮೇಷ್ಟ್ರಿಗೆ ಅರ್ಥವಾಯಿತು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮಿತಿಯನ್ನು ಅವರು ವರ್ಷ ವರ್ಷವೂ ಪಾಠ ಮಾಡಿದ್ದರು. ಹಲ್ಲಿನ ಮೇಲೆ ಕಂದು ಪಟ್ಟಿಯಿರುವ ಮಕ್ಕಳನ್ನು ಎದುರಿಗೇ ಕೂರಿಸಿಕೊಂಡು. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದು, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಆ ಯಂತ್ರವೂ ಫ್ಲೋರೈಡನ್ನಷ್ಟೇ ಆರಿಸಿ ತೆಗೆಯದು. ಮೈಗೆ ಬೇಕಾದ ಲವಣವನ್ನೂ ಕೂಡಿಸಿಯೇ ತೆಗೆಯುತ್ತದೆ.

ಕಡೆಗೆ ಅವರು ತಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದರು. “ಇದರಿಂದ ರೋಗಿ ಉಳಿಯುತ್ತಾನೆಂದು ಹೇಗೆ ಗೊತ್ತು, ಡಾಕ್ಟರೇ?”

“ಗೊತ್ತಿಲ್ಲ. ಕೆಲವರಲ್ಲಿ ಒಳಿತಾದಂತೆ ಕಂಡಿದೆ. ಜರ್ಮನಿಯಲ್ಲಿ ಹೃದಯದ ಸೋಂಕಿಗೆ ಶಸ್ತ್ರಚಿಕಿತ್ಸೆಯಾಗುವವರಲ್ಲಿ ಅರ್ಧ ಜನಕ್ಕೆ ಇದನ್ನು ಹಾಕಿ, ಅರ್ಧ ಜನಕ್ಕೆ ಹಾಕದೆ ನೋಡುತ್ತಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ. ಇದು ದುಬಾರಿ, ಯೋಜನೆಯ ಹಣದಲ್ಲಿ ಬರುವುದಿಲ್ಲ. ಹಾಕಲೇಬೇಕೆಂದು ನಾನು ಹೇಳಲಾರೆ. ಬೇಡವೆನ್ನಲೂ ಧೈರ್ಯ ಸಾಲದು.”

ಹತ್ತು ಗಿಡಕ್ಕೆ ಹಾಕಿ, ಹತ್ತು ಗಿಡಕ್ಕೆ ಹಾಕದೆ. ತಾವು ಬದನೆ ಪಾತಿಯ ಅಂಚಿನಲ್ಲಿ ನಿಂತು ಕಲಿಸಿದ ಪಾಠವನ್ನೇ ವೈದ್ಯರು ತಮಗೆ ಒಪ್ಪಿಸುತ್ತಿದ್ದರು. ಆದರೆ ಪಾತಿಯ ಅಂಚಿನಲ್ಲಿ ನಿಂತವನಿಗೆ ಯಾವ ಗಿಡ ಒಣಗಿದರೂ ಪಾಠವೇ. ಒಂದೇ ಗಿಡವಿರುವವನ ಪಾಡು ಬೇರೆ. ಪಡಸಾಲೆಯ ಬೆಂಚಿನ ಮೇಲೆ ಶಿಷ್ಯನ ಹೆಂಡತಿ ಕೊರಳಿನ ಸರವನ್ನು ಬಿಚ್ಚಿ ಕೈಯಲ್ಲಿ ಹಿಡಿದು ಕುಳಿತಿದ್ದಳು. “ಅದನ್ನು ಹಾಕ್ಕೋ ತಾಯಿ” ಎಂದರು ಮೇಷ್ಟ್ರು. ಅಂಚೆ ಕಚೇರಿಯಲ್ಲಿದ್ದ ತಮ್ಮ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದರು. ಇದು ಎಲ್ಲಿಯ ಹಣ ಎಂದು ಅವಳು ಕೇಳಿದಾಗ, “ಹಳೆಯ ಬಾಕಿ, ಈಗ ತೀರಿಸುತ್ತಿದ್ದೇನೆ” ಎಂದಷ್ಟೇ ಹೇಳಿದರು.

ಶಸ್ತ್ರಚಿಕಿತ್ಸೆ ಬೆಳಗ್ಗೆ ಎಂಟಕ್ಕೆ ಮೊದಲಾಗಿ ಸಂಜೆ ಐದರವರೆಗೆ ನಡೆಯಿತು. ಮೊದಲ ರಾತ್ರಿ ರಕ್ತದೊತ್ತಡವನ್ನು ಹಿಡಿದಿಡಲು ಮೂರು ಔಷಧ ಓಡುತ್ತಿದ್ದವು. ಎರಡನೆಯ ದಿನ ಎರಡಾದವು, ಮೂರನೆಯ ದಿನ ಒಂದು. ನಾಲ್ಕನೆಯ ದಿನ ಉಸಿರಿನ ಕೊಳವೆ ತೆಗೆದರು. ಶಿಷ್ಯ ಕಣ್ಣು ಬಿಟ್ಟು ಮೊದಲು ಕೇಳಿದ್ದು ತೋಟಕ್ಕೆ ನೀರು ಬಿಟ್ಟರೋ ಇಲ್ಲವೋ ಎಂದು. ಆರು ವಾರಗಳ ಔಷಧ ಮುಗಿಸಿ ಅವನು ಊರಿಗೆ ಮರಳಿದ.

ಮುಂದಿನ ಮೂರು ವರ್ಷ ಹೊಳಲ್ಕೆರೆ, ಹೊಸದುರ್ಗದ ಸಂತೆಗಳಲ್ಲಿ ಒಂದು ಕಥೆ ಬೆಳೆಯಿತು. ಮೇಷ್ಟ್ರು ಕೊಡಿಸಿದ ಜರಡಿಯೇ ಅವನನ್ನು ಉಳಿಸಿತೆಂದು ಶಿಷ್ಯ ಕಂಡಕಂಡವರಿಗೆ ಹೇಳಿದ. ಹೃದಯದ ಕಾಯಿಲೆಯವರ ಮನೆಯವರು ಮೇಷ್ಟ್ರನ್ನು ಹುಡುಕಿಕೊಂಡು ಹಿರಿಯೂರಿಗೆ ಬರತೊಡಗಿದರು: “ಆ ಜರಡಿ ಎಲ್ಲಿ ಸಿಗುತ್ತೆ ಸಾರ್? ಹೊಲ ಮಾರಿಯಾದ್ರೂ ಹಾಕಿಸ್ತೀವಿ.” ಮೇಷ್ಟ್ರಿಗೆ ಇದು ಮುಳ್ಳಾಯಿತು. ಬಂದವರಿಗೆ ವೈದ್ಯರನ್ನೇ ಕೇಳಿ ಎನ್ನುತ್ತಿದ್ದರು. ಅವರು ಅದನ್ನು ದೊಡ್ಡವರ ವಿನಯವೆಂದು ತಿಳಿಯುತ್ತಿದ್ದರು.

2022ರಲ್ಲಿ ಜರ್ಮನಿಯ ಫಲಿತಾಂಶ ಪ್ರಕಟವಾಯಿತು. ದಾವಣಗೆರೆಯಲ್ಲಿ ವೈದ್ಯಕೀಯ ಓದುತ್ತಿದ್ದ ಮೊಮ್ಮಗಳು ಅದನ್ನು ಅಜ್ಜನಿಗೆ ಓದಿ ಹೇಳಿದಳು. ಲೆಕ್ಕಕ್ಕೆ ತೆಗೆದುಕೊಂಡ ರೋಗಿಗಳು 282. ಮಣಿಗಳ ಡಬ್ಬಿ ಹಾಕಿದವರಲ್ಲಿ ಕೆಲವು ಸೈಟೊಕೈನುಗಳ ಪ್ರಮಾಣ ತಗ್ಗಿದ್ದು ನಿಜ. ಆದರೆ ಅಂಗಾಂಗಗಳ ಬಳಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂವತ್ತು ದಿನಗಳೊಳಗೆ ತೀರಿಕೊಂಡವರು, ಹಾಕಿದವರಲ್ಲಿ ನೂರಕ್ಕೆ 21, ಹಾಕದವರಲ್ಲಿ ನೂರಕ್ಕೆ 22. ಡಂಗುರದವರಲ್ಲಿ ಕೆಲವರನ್ನು ಹಿಡಿದರೂ ಊರಿನ ಗದ್ದಲ ನಿಲ್ಲಲಿಲ್ಲವೆಂದು ಅರ್ಥ. ಬೇರೆ ಬಗೆಯ ರೋಗಿಗಳಲ್ಲಿ, ಬೇರೆ ಹೊತ್ತಿನಲ್ಲಿ ಇದರಿಂದ ಉಪಯೋಗವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಆದರೆ ಶಿಷ್ಯನಿಗಿದ್ದ ರೋಗಕ್ಕೆ ಉತ್ತರ ಇದೇ ಆಗಿತ್ತು. ಅಜ್ಜ ಎರಡು ಸಲ ಓದಿಸಿದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಾರಿಕಣಿವೆಗೆ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಹಿಂದೆ ತುಂಬಿ ಹರಿದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಬಳಿಕ ವೇದಾವತಿ ಮತ್ತೆ ಕೋಡಿಯ ಮೇಲೆ ಇಳಿದಳು. ನೋಡಲು ಜಿಲ್ಲೆಯೇ ಹಿರಿಯೂರಿಗೆ ನುಗ್ಗಿತು. ಹೊಳಲ್ಕೆರೆಯಿಂದ ಹೆಂಡತಿ ಮಕ್ಕಳೊಡನೆ ಬಂದ ಶಿಷ್ಯ ಮೇಷ್ಟ್ರನ್ನೂ ಕರೆದುಕೊಂಡು ಹೋದ. ನೀರಿನ ಸದ್ದಿಗೆ ಮಾತು ಕೇಳಿಸದು. ಮಕ್ಕಳು ಮುಂದೆ ಹೋದ ಮೇಲೆ, ಸ್ವಲ್ಪ ದೂರ ಬಂದು ಬಂಡೆಯೊಂದರ ಮೇಲೆ ಕುಳಿತು, ಮೇಷ್ಟ್ರು ಜರ್ಮನಿಯ ವಿಚಾರವನ್ನೆಲ್ಲ ಹೇಳಿದರು.

ಅವನು ಕೇಳಿದ. ತುಸು ಹೊತ್ತು ನೀರನ್ನು ನೋಡಿದ. “ಹಾಗಾದ್ರೆ ನನ್ನನ್ನ ಉಳಿಸಿದ್ದು ಯಾವುದು ಮೇಷ್ಟ್ರೇ?”

“ಗೊತ್ತಿಲ್ಲ ಕಣಯ್ಯಾ. ವೈದ್ಯರ ಕೈ, ಔಷಧ, ನಿನ್ನ ವಯಸ್ಸು. ಡಬ್ಬಿಯೂ ಇರಬಹುದು, ಇಲ್ಲದಿರಬಹುದು. ನಿನ್ನೊಬ್ಬನನ್ನು ನೋಡಿ ಹೇಳಲು ಬರುವುದಿಲ್ಲ. ಆದ್ದರಿಂದ ಸಂತೆಯಲ್ಲಿ ಹಾಗೆ ಹೇಳಬೇಡ. ಯಾರಾದರೂ ಹೊಲ ಮಾರಿಯಾರು.”

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದಿರಲು ಆಗಲಿಲ್ಲ. 1985ರ ಆಗಸ್ಟನ್ನು ಹೇಳಿದರು. ನಾಲ್ಕು ಸುತ್ತನ್ನು ಹೇಳಿದರು. ಖರ್ಚಿನ ಪುಸ್ತಕದ ಸಾಲನ್ನೂ ಹೇಳಿದರು. ಹೇಳುವಾಗ ಧ್ವನಿ ಕೊಂಚ ನಡುಗಿತೆಂದು ಅವರೇ ಒಪ್ಪಿಕೊಳ್ಳುತ್ತಾರೆ.

ಶಿಷ್ಯ ನಕ್ಕುಬಿಟ್ಟ. “ಅದು ನಾಲ್ಕಲ್ಲ ಮೇಷ್ಟ್ರೇ, ಮೂರು. ನಾಲ್ಕನೇದು ನೀವು ಆಚೆ ತಿರುಗಿದಾಗ ತಪ್ಪಿಸಿಕೊಂಡೆ.” ಮತ್ತೆ ಸ್ವಲ್ಪ ತಡೆದು, “ಆ ಮೂರು ಸುತ್ತು ಓಡಿದ್ದಕ್ಕೇ ಕವಾಟ ಕೆಟ್ಟಿತು ಅಂತ ನಿಮಗೆ ಹೇಗೆ ಗೊತ್ತು?” ಎಂದ.

ಮೇಷ್ಟ್ರಲ್ಲಿ ಉತ್ತರವಿರಲಿಲ್ಲ. ಕೆಡಿಸಿದ್ದು ಓಟಕ್ಕಿಂತ ಹೆಚ್ಚಾಗಿ ಚಿಕಿತ್ಸೆ ಕಾಣದ ಗಂಟಲು ಬೇನೆ, ಆಮೇಲೆ ತಪ್ಪಿಹೋದ ಸೂಜಿಗಳು ಎಂದು ಯಾವ ವೈದ್ಯರೂ ಹೇಳಿಯಾರು. ಆದರೂ ಆ ದಿನ “ಗಂಟಲು ನೋವಿತ್ತೇನೋ?” ಎಂದು ಒಂದು ಮಾತು ಕೇಳಬಹುದಾಗಿತ್ತು.

ಆ ಮಾತನ್ನು ಅವರು ಈಗ ಕೇಳಿಸುತ್ತಿದ್ದಾರೆ. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಪ್ರತಿ ತರಗತಿಗೂ ಒಂದು ನೋಟ್ ಪುಸ್ತಕ ಇಡಿಸಿದ್ದಾರೆ. ಸೋಮವಾರ ಬೆಳಗ್ಗೆ ಹಾಜರಿ ಕೂಗಿದ ಬಳಿಕ, ಯಾರಿಗೆ ಗಂಟಲು ನೋವು, ಯಾರಿಗೆ ಜ್ವರ, ಯಾರಿಗೆ ಕೀಲು ಊತ ಎಂದು ಬರೆಯುತ್ತಾರೆ. ಬರೆದವರನ್ನು ಆ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ. ಮೊದಲ ವರ್ಷದ ಪುಸ್ತಕಗಳಿಗೆ ಹಣ ಕೊಟ್ಟವನು ಹೊಳಲ್ಕೆರೆಯ ಶಿಷ್ಯ. ಮೇಷ್ಟ್ರ ಖರ್ಚಿನ ಪುಸ್ತಕದಲ್ಲಿ ‘ನಾಲ್ಕು’ ಎಂಬುದನ್ನು ಹೊಡೆದು ‘ಮೂರು’ ಎಂದು ತಿದ್ದಿದೆ. ‘ಬಾಕಿ’ ಎಂಬುದು ಹಾಗೆಯೇ ಇದೆ.